ಸುರಪುರದ ಬಂಡಾಯ ಮತ್ತು ಬೈಬಲ್‌ನ ಕ್ಷಮೆ: ಯಾರು, ಯಾರನ್ನು ಕ್ಷಮಿಸಬೇಕು?

1858. ಹೈದರಾಬಾದ್‌ನ ಸೆರೆಯಲ್ಲಿ ಇಬ್ಬರು ಎದುರುಬದುರಾಗಿದ್ದರು. ಒಬ್ಬ ಇಪ್ಪತ್ನಾಲ್ಕರ ಆಸುಪಾಸಿನ ಕೈದಿ, ಸುರಪುರದ ರಾಜ ನಾಲ್ವಡಿ ವೆಂಕಟಪ್ಪ ನಾಯಕ. ಇನ್ನೊಬ್ಬ ಐವತ್ತರ ಹತ್ತಿರದ ಇಂಗ್ಲಿಷ್ ಅಧಿಕಾರಿ, ಫಿಲಿಪ್ ಮೆಡೋಸ್ ಟೇಲರ್. ಕೈದಿ ಆ ಅಧಿಕಾರಿಯನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಅಂತ. ಹುಡುಗನಾಗಿದ್ದಾಗಿನಿಂದ ಹಾಗೇ ಕರೆದು ರೂಢಿ.

ಅಪ್ಪ ತಂದಿದ್ದ ಮಾತು ಸರಳವಾಗಿತ್ತು: ನಿನ್ನನ್ನು ಬಂಡಾಯಕ್ಕೆ ಎತ್ತಿಕಟ್ಟಿದವರು ಯಾರು ಅಂತ ಹೇಳು, ನಿನಗೆ ಸಹಾಯ ಆಗಬಹುದು. ರಾಜ ಒಪ್ಪಲಿಲ್ಲ. ಹೆಸರೂ ಹೇಳಲಿಲ್ಲ, ಪ್ರಾಣಭಿಕ್ಷೆಯನ್ನೂ ಬೇಡಲಿಲ್ಲ. ಇದನ್ನು ಬರೆದಿಟ್ಟವನು ಸ್ವತಃ ಟೇಲರ್, ತನ್ನ ಆತ್ಮಕತೆಯಲ್ಲಿ.

ಆಮೇಲೆ ಗಲ್ಲು ಶಿಕ್ಷೆ, ಅದರಲ್ಲಿ ಕಡಿತ, ಮತ್ತೆ ಕಡಿತ. ಅದೇ ವರ್ಷದ ಕೊನೆಗೆ ವಿಕ್ಟೋರಿಯಾ ರಾಣಿ ಕ್ರೈಸ್ತ ಧರ್ಮದ ಸತ್ಯದಲ್ಲಿ ತನಗಿರುವ ನಂಬಿಕೆಯನ್ನು ಹೇಳಿಕೊಂಡ ಘೋಷಣೆಯಲ್ಲೇ ಭಾರತದ ಬಂಡಾಯಗಾರರಿಗೆ ಕ್ಷಮಾದಾನವನ್ನೂ ಸಾರಿದಳು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಳುವವರ ವಿರುದ್ಧ ದಂಗೆ ಎದ್ದರೆ ಅದು ಕ್ರೈಸ್ತ ನಂಬಿಕೆಯ ಪ್ರಕಾರ ಪಾಪವೇ? ಆಳುವವರು ‘ಕ್ಷಮಿಸಿದ್ದೇವೆ’ ಅಂದರೆ ಅದು ಬೈಬಲ್ ಹೇಳುವ ಕ್ಷಮೆಯೇ? ಯಾದಗಿರಿ, ಶಹಾಪುರ, ಸುರಪುರದ ನೆಲದಲ್ಲಿ ನಡೆದ ಈ ಕತೆಯನ್ನು ಮುಂದಿಟ್ಟುಕೊಂಡು ಎರಡನ್ನೂ ಬಿಡಿಸಿ ನೋಡೋಣ. ಯಾಕಂದ್ರೆ ‘ಆಗಿದ್ದು ಆಯ್ತು, ಕ್ಷಮಿಸಿ ಮರೆತುಬಿಡಿ’ ಅನ್ನೋ ಮಾತು ಇವತ್ತಿಗೂ ನಮ್ಮ ರಾಜಕೀಯದಲ್ಲಿ ಚಲಾವಣೆಯಲ್ಲಿದೆ. ಸಾಮಾನ್ಯವಾಗಿ ಅದನ್ನು ಹೇಳಿಸಿಕೊಳ್ಳುವವರು ಪೆಟ್ಟು ತಿಂದವರೇ.

ಸುರಪುರದಲ್ಲಿ ಆಗಿದ್ದೇನು?

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಸೀಮೆಯನ್ನು ಬೇಡ ನಾಯಕರು ಆಳಿದರು. ಸಾಮ್ರಾಜ್ಯಗಳಿಗೆ ತಲೆಬಾಗದ ಜನ ಅನ್ನೋ ಹೆಸರು ಅವರಿಗೆ ಹಳೆಯದು. ಔರಂಗಜೇಬ ತನ್ನ ಕೊನೆಗಾಲದಲ್ಲಿ, 1705ರಲ್ಲಿ, ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದು ಇವರ ವಾಗಿಣಗೇರಿ ಕೋಟೆಗೆ. ಕೋಟೆ ಹೋಯಿತು, ನಾಯಕರು ಹೋಗಲಿಲ್ಲ. ಸುರಪುರ ರಾಜಧಾನಿಯಾಗಿ ಬೆಳೆಯಿತು.

ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಸುರಪುರ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಗಿತ್ತು. ಕಪ್ಪ, ನಜರಾಣೆ, ಬಾಕಿ, ಬಾಕಿಯ ಮೇಲೆ ಸಾಲ ಎಂದು ಲೆಕ್ಕ ಏರುತ್ತಲೇ ಹೋಯಿತು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕವನು. ಸಾಲದ ಗೋಜಲು ಬಿಡಿಸುವ, ಆಡಳಿತ ನೋಡಿಕೊಳ್ಳುವ ಹೆಸರಿನಲ್ಲಿ ಬ್ರಿಟಿಷರು ಕಳಿಸಿದ ಅಧಿಕಾರಿಯೇ ಟೇಲರ್. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಅವನ ಕೈಯಲ್ಲಿತ್ತು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆ ‘ಟೇಲರ್ ಮಂಜಿಲ್’ ಈಗಲೂ ಇದೆ. ಠಗರ ಬಗ್ಗೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದವನು, ಈ ಭಾಗದ ಶಿಲಾಸಮಾಧಿಗಳನ್ನು ಹುಡುಕಿ ಬರೆದವನು ಇದೇ ಟೇಲರ್. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಆಡಳಿತ ಒಪ್ಪಿಸಿ ಹೋದ.

ನಾಲ್ಕೇ ವರ್ಷದಲ್ಲಿ 1857 ಬಂತು. ಉತ್ತರದ ಸಿಪಾಯಿಗಳ ದಂಗೆಯ ಸುದ್ದಿ ದಕ್ಷಿಣಕ್ಕೂ ಹರಡಿತು. ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಎದ್ದರು, ಅವರನ್ನು ಗಲ್ಲಿಗೇರಿಸಲಾಯಿತು. ವೆಂಕಟಪ್ಪ ನಾಯಕ ಅರಬ್ ಮತ್ತು ರೋಹಿಲ್ಲ ಸೈನಿಕರನ್ನು ಸೇರಿಸಿಕೊಳ್ಳತೊಡಗಿದ. ವಿಚಾರಿಸಲು ಹೈದರಾಬಾದ್ ರೆಸಿಡೆಂಟ್ ಅಧಿಕಾರಿಯನ್ನು ಕಳಿಸಿದ, ಹಿಂದೆಯೇ ಸೈನ್ಯ ಬಂತು. 1858ರ ಫೆಬ್ರವರಿಯಲ್ಲಿ ಕಾಳಗ. ಕ್ಯಾಪ್ಟನ್ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ಹೆಚ್ಚಿನ ಪಡೆ ಬರುತ್ತಿದೆ ಅಂತ ಗೊತ್ತಾದಾಗ ರಾಜ ಹೈದರಾಬಾದ್ ಕಡೆ ಹೊರಟ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಕಡೆಯವರ ಕೈಗೆ ಸಿಕ್ಕ. ಅವರು ಬ್ರಿಟಿಷರಿಗೆ ಒಪ್ಪಿಸಿದರು.

ದಂಗೆ ಪಾಪವೇ? ಎರಡು ‘ಹದಿಮೂರು’ಗಳು

ಆಳುವವರು ಕ್ರೈಸ್ತರಾಗಿದ್ದಾಗೆಲ್ಲ ಅವರ ಕೈಗೆ ಸುಲಭವಾಗಿ ಸಿಗುವ ಬೈಬಲ್ ಭಾಗ ಒಂದಿದೆ: ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ. ಅಧಿಕಾರ ದೇವರಿಂದ ಬಂದದ್ದು, ಅದನ್ನು ಎದುರಿಸುವವನು ದೇವರ ನೇಮಕವನ್ನೇ ಎದುರಿಸುತ್ತಾನೆ ಅನ್ನೋದು ಅದರ ತಿರುಳು. 1525ರಲ್ಲಿ ಜರ್ಮನಿಯ ರೈತರು ಜಮೀನ್ದಾರರ ವಿರುದ್ಧ ಎದ್ದಾಗ, ಪೋಪ್ ವಿರುದ್ಧ ತಾನೇ ಬಂಡೆದ್ದಿದ್ದ ಮಾರ್ಟಿನ್ ಲೂಥರ್ ಅರಸರ ಪಕ್ಷ ವಹಿಸಿ ಇದೇ ಮಾತನ್ನು ಹಿಡಿದ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಬೆಂಬಲಿಗರೂ ಇದನ್ನೇ ಹಿಡಿದರು.

1857ರಲ್ಲೂ ಧರ್ಮದ ಭಾಷೆ ಜೋರಾಗಿಯೇ ಕೇಳಿತು. ಆ ವರ್ಷ ಅಕ್ಟೋಬರ್ 7ರಂದು ಬ್ರಿಟನ್ನಿನಲ್ಲಿ ಭಾರತದ ದಂಗೆಯ ಕಾರಣಕ್ಕೇ ರಾಷ್ಟ್ರೀಯ ಉಪವಾಸ-ಪ್ರಾರ್ಥನೆಯ ದಿನ ಆಚರಿಸಿದರು. ದೇಶದುದ್ದಕ್ಕೂ ಚರ್ಚುಗಳಲ್ಲಿ ದಂಗೆಯ ಬಗ್ಗೆ ಪ್ರಸಂಗಗಳಾದವು. ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂದವರೂ ಇದ್ದರು, ದಂಗೆಕೋರರಿಗೆ ತಕ್ಕ ಶಾಸ್ತಿ ಆಗಲಿ ಅಂದವರೂ ಇದ್ದರು.

ಆದರೆ ಬೈಬಲ್‌ನಲ್ಲಿ ಆ ಒಂದೇ ಅಧ್ಯಾಯ ಇಲ್ಲವಲ್ಲ. ವಿಮೋಚನಕಾಂಡ ಶುರುವಾಗುವುದೇ ಸೂಲಗಿತ್ತಿಯರ ಅವಿಧೇಯತೆಯಿಂದ. ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಿ ಅಂತ ಫರೋಹ ಅಪ್ಪಣೆ ಕೊಟ್ಟರೆ ಅವರು ಕೊಲ್ಲುವುದಿಲ್ಲ, ಕೇಳಿದಾಗ ನೆಪ ಹೇಳಿ ಜಾರಿಕೊಳ್ಳುತ್ತಾರೆ. ದೇವರು ಅವರಿಗೆ ಒಳ್ಳೆಯದನ್ನೇ ಮಾಡುತ್ತಾನೆ. ದಾನಿಯೇಲನ ಪುಸ್ತಕದಲ್ಲಿ ಮೂವರು ಯುವಕರು ರಾಜ ನಿಲ್ಲಿಸಿದ ಪ್ರತಿಮೆಗೆ ಅಡ್ಡ ಬೀಳಲು ಒಪ್ಪದೆ ಬೆಂಕಿಯ ಕುಲುಮೆಗೆ ಹೋಗುತ್ತಾರೆ. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದಲ್ಲಿ ಬೋಧನೆ ನಿಲ್ಲಿಸಿ ಅಂತ ಆಜ್ಞೆಯಾದಾಗ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಸಭೆಯ ಮುಂದೆಯೇ ಹೇಳುತ್ತಾನೆ.

ಇನ್ನೊಂದು ‘ಹದಿಮೂರು’ ಕೂಡ ಇದೆ. ಪ್ರಕಟನೆ ಗ್ರಂಥದ 13ನೇ ಅಧ್ಯಾಯದಲ್ಲಿ ಸಮುದ್ರದಿಂದ ಏಳುವ ಮೃಗ ಸಾಮ್ರಾಜ್ಯದ ಚಿತ್ರ ಅಂತ ಬಹಳಷ್ಟು ಪಂಡಿತರು ಓದುತ್ತಾರೆ. ಒಂದು ಹದಿಮೂರರಲ್ಲಿ ಅಧಿಕಾರ ದೇವರ ಸೇವಕ, ಇನ್ನೊಂದರಲ್ಲಿ ದೇವರ ವೈರಿ. ಪೌಲನ ಮಾತಿನಲ್ಲೇ ಒಂದು ಷರತ್ತು ಅಡಗಿದೆ: ಅಧಿಕಾರ ಇರುವುದು ಜನರ ಒಳಿತಿಗೆ. ಒಳಿತು ಮಾಡದ ಅಧಿಕಾರದ ಗತಿ ಏನು? ಆ ಪತ್ರ ಬರೆದ ಪೌಲ ಹಲವು ಬಾರಿ ಜೈಲು ಕಂಡವನು, ರೋಮ್‌ನ ಅಧಿಕಾರವೇ ಕೊನೆಗೆ ಅವನನ್ನು ಕೊಂದಿತು ಅನ್ನುತ್ತದೆ ಚರ್ಚಿನ ಪರಂಪರೆ.

ಹಾಗಾಗಿ ‘ದಂಗೆ ಅಂದ್ರೆ ಪಾಪ’ ಅನ್ನೋ ಸರಳ ಸೂತ್ರ ಕ್ರೈಸ್ತ ನಂಬಿಕೆಯಲ್ಲಿ ಇಲ್ಲ. ದೇವರ ವಿರುದ್ಧ ತಿರುಗುವುದು ಪಾಪ. ರಾಜನ ವಿರುದ್ಧ ತಿರುಗುವುದು ಪಾಪವೋ ಅಲ್ಲವೋ ಅನ್ನೋದು ರಾಜ ಏನು ಮಾಡುತ್ತಿದ್ದಾನೆ ಅನ್ನೋದರ ಮೇಲೆ ನಿಂತಿದೆ. ಈ ಎರಡನ್ನೂ ಒಂದೇ ಮಾಡಿ ತೋರಿಸುವುದು ಆಳುವವರಿಗೆ ಅನುಕೂಲ.

ಕ್ಷಮೆ ಅಂದ್ರೆ ಏನು, ಏನಲ್ಲ?

ಬೈಬಲ್‌ನ ಕ್ಷಮೆಯನ್ನು ಅರ್ಥ ಮಾಡಿಕೊಳ್ಳಲು ಈ ಭಾಗದ ರೈತರಿಗೆ ಗೊತ್ತಿರುವ ಒಂದು ಮಾತು ಸಾಕು: ಸಾಲ ಮನ್ನಾ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪುಗಳನ್ನು ಕ್ಷಮಿಸು ಅಂತ ಬರುವ ಕಡೆ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದದ ನೇರ ಅರ್ಥ ‘ಸಾಲಗಳು’. ಯೆಹೂದಿ ಧರ್ಮಶಾಸ್ತ್ರದಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕು ಅನ್ನೋ ಕಟ್ಟಳೆಯೇ ಇತ್ತು. ಕ್ಷಮೆ ಬರೀ ಮನಸ್ಸಿನ ಸಮಾಧಾನವಲ್ಲ, ಲೆಕ್ಕದ ಪುಸ್ತಕದಲ್ಲಿ ಆಗುವ ಬದಲಾವಣೆ ಕೂಡ. ಸುರಪುರದ ಬಾಕಿಯ ಲೆಕ್ಕ ಇಟ್ಟವರು ಈ ಪ್ರಾರ್ಥನೆಯನ್ನು ಹೇಳುತ್ತಲೇ ಬೆಳೆದವರು ಅನ್ನೋದನ್ನು ನೆನಪಿಡಬೇಕು.

ಮುಖ್ಯವಾಗಿ ನಾಲ್ಕು ಅಂಶಗಳಿವೆ.

ಒಂದು, ಕ್ಷಮಿಸುವ ಹಕ್ಕು ನೋವುಂಡವರದ್ದು. ಸಾಲ ಕೊಟ್ಟವನೇ ಸಾಲ ಬಿಡಬೇಕು, ಪಕ್ಕದ ಮನೆಯವನು ಬಿಟ್ಟೆ ಅಂದರೆ ನಡೆಯಲ್ಲ. ಮಾರ್ಕನ ಸುವಾರ್ತೆಯಲ್ಲಿ ಯೇಸು ಒಬ್ಬ ರೋಗಿಯ ಪಾಪ ಕ್ಷಮಿಸಿದಾಗ ಶಾಸ್ತ್ರಿಗಳು ಎತ್ತುವ ಆಕ್ಷೇಪವೂ ಇದೇ: ಇವನಿಗೆ ಆ ಅಧಿಕಾರ ಎಲ್ಲಿಂದ ಬಂತು?

ಎರಡು, ಕ್ಷಮೆ ಅಂದ್ರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಏಳೆಪ್ಪತ್ತು ಸಾರಿ ಕ್ಷಮಿಸು ಅನ್ನೋ ಮಾತು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದಲ್ಲಿ, ಅದಕ್ಕೂ ಮುಂಚೆ, ತಪ್ಪು ಮಾಡಿದವನ ಬಳಿ ಹೋಗಿ ತಪ್ಪನ್ನು ತೋರಿಸು, ಕೇಳದಿದ್ದರೆ ಸಾಕ್ಷಿ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅಂತಲೂ ಇದೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಮೂರು, ತಪ್ಪು ಮಾಡಿದವನು ಮೊದಲು ಎದ್ದು ಹೋಗಬೇಕು. ಪೂಜೆಯ ಕಾಣಿಕೆ ತಂದಾಗ ನಿನ್ನ ಮೇಲೆ ಯಾರಿಗಾದರೂ ದೂರಿದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರ ಜೊತೆ ಸರಿಮಾಡಿಕೊ ಅನ್ನುತ್ತದೆ ಮತ್ತಾಯನ 5ನೇ ಅಧ್ಯಾಯ.

ನಾಲ್ಕು, ಪಶ್ಚಾತ್ತಾಪಕ್ಕೆ ಬೆಲೆ ಇದೆ. ಸುಂಕ ವಸೂಲಿಯ ಮುಖಂಡ ಜಕ್ಕಾಯ ಬದಲಾದಾಗ ಬರೀ ಕಣ್ಣೀರು ಹಾಕಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ. ಹಿಟ್ಲರ್‌ನನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್, ಪಶ್ಚಾತ್ತಾಪವಿಲ್ಲದೆ ಹಂಚುವ ಕ್ಷಮೆಯನ್ನು ‘ಅಗ್ಗದ ಕೃಪೆ’ ಅಂತ ಕರೆದ.

ಕ್ರೈಸ್ತರ ನಡುವೆಯೇ ಇಲ್ಲಿ ಒಂದು ಹಳೆಯ ವಾದವಿದೆ. ತಪ್ಪಿತಸ್ಥ ಪಶ್ಚಾತ್ತಾಪ ಪಡುವ ಮೊದಲೇ ಕ್ಷಮಿಸಬೇಕೇ? ಲೂಕನ 17ನೇ ಅಧ್ಯಾಯ, ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅನ್ನುತ್ತದೆ. ಅದೇ ಲೂಕನ 15ನೇ ಅಧ್ಯಾಯದಲ್ಲಿ, ಮನೆ ಬಿಟ್ಟು ಹೋದ ಮಗ ಕ್ಷಮೆಯ ಮಾತನ್ನು ಪೂರ್ತಿ ಹೇಳುವ ಮೊದಲೇ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಎರಡೂ ಕ್ರೈಸ್ತ ನಂಬಿಕೆಯೇ. ಆದರೆ ಎರಡರಲ್ಲೂ ಕ್ಷಮಿಸುವವನು ನೋವುಂಡವನು ಅನ್ನೋದರಲ್ಲಿ ಬದಲಾವಣೆ ಇಲ್ಲ.

ಒಂದೇ ದಿನ, ಎರಡು ಕ್ಷಮೆ

ಕ್ಷಮೆ ಬೇರೆ, ಕ್ಷಮಾದಾನ ಬೇರೆ. ಈ ವ್ಯತ್ಯಾಸವನ್ನು ಸುವಾರ್ತೆಗಳಿಗಿಂತ ಸ್ಪಷ್ಟವಾಗಿ ತೋರಿಸುವ ಕತೆ ಸಿಗುವುದು ಕಷ್ಟ. ಯೇಸುವನ್ನು ಶಿಲುಬೆಗೆ ಹಾಕಿದ ದಿನವೇ ಎರಡೂ ನಡೆಯುತ್ತವೆ.

ಮೊದಲನೆಯದು ರೋಮನ್ ಅಧಿಕಾರಿ ಪಿಲಾತನದ್ದು. ಹಬ್ಬಕ್ಕೆ ಒಬ್ಬ ಕೈದಿಯನ್ನು ಬಿಡುವ ಪದ್ಧತಿಯಂತೆ ಅವನು ಬರಬ್ಬನನ್ನು ಬಿಡುತ್ತಾನೆ. ಮಾರ್ಕನ ಪ್ರಕಾರ ಬರಬ್ಬ ದಂಗೆಯೊಂದರಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಾಗಿದ್ದವನು. ಅಂದ್ರೆ ಸಾಮ್ರಾಜ್ಯ ಒಬ್ಬ ಬಂಡಾಯಗಾರನಿಗೆ ಕ್ಷಮಾದಾನ ಕೊಟ್ಟಿತು. ಯಾಕೆ? ಪಶ್ಚಾತ್ತಾಪ ಕಂಡು ಅಲ್ಲ, ಗುಂಪನ್ನು ಸಮಾಧಾನ ಮಾಡಲು. ಅದು ಆಡಳಿತದ ಲೆಕ್ಕಾಚಾರ.

ಎರಡನೆಯದು ಶಿಲುಬೆಯ ಮೇಲಿನದು. ರೋಮ್‌ನ ಆಳ್ವಿಕೆಯಲ್ಲಿ ಶಿಲುಬೆ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಸಾವು. ಯೇಸುವಿನ ತಲೆಯ ಮೇಲೆ ಬರೆದು ಹಾಕಿದ ಆರೋಪವೂ ರಾಜಕೀಯದ್ದೇ: ಯೆಹೂದ್ಯರ ಅರಸ. ಹಾಗೆ ತೂಗುಹಾಕಿಸಿಕೊಂಡವನು ತನ್ನನ್ನು ಕೊಲ್ಲುತ್ತಿರುವವರಿಗಾಗಿ ಕ್ಷಮೆ ಬೇಡುತ್ತಾನೆ ಅನ್ನುತ್ತದೆ ಲೂಕನ ಸುವಾರ್ತೆ.

ಪಿಲಾತನ ಕ್ಷಮಾದಾನ ಬಂದದ್ದು ಸಿಂಹಾಸನದಿಂದ. ಯೇಸುವಿನ ಕ್ಷಮೆ ಬಂದದ್ದು ವಧಾಸ್ಥಾನದಿಂದ. ಕ್ರೈಸ್ತ ನಂಬಿಕೆ ಪವಿತ್ರ ಅಂತ ಹಿಡಿದುಕೊಂಡದ್ದು ಎರಡನೆಯದನ್ನು.

ರಾಣಿ ಕೊಟ್ಟದ್ದು ಯಾವುದು?

1858ರ ನವೆಂಬರ್ 1ರಂದು ಹೊರಟ ವಿಕ್ಟೋರಿಯಾ ಘೋಷಣೆಯನ್ನು ಈಗ ಈ ಬೆಳಕಿನಲ್ಲಿ ಓದಬಹುದು. ಕ್ರೈಸ್ತ ಧರ್ಮ ಸತ್ಯ ಅನ್ನೋ ನಂಬಿಕೆ ತನಗಿದೆ, ಆದರೂ ಅದನ್ನು ಪ್ರಜೆಗಳ ಮೇಲೆ ಹೇರುವುದಿಲ್ಲ ಅಂತ ರಾಣಿ ಹೇಳುತ್ತಾಳೆ. ಶಸ್ತ್ರ ಕೆಳಗಿಟ್ಟು ಮನೆಗೆ ಮರಳುವ ಬಂಡಾಯಗಾರರಿಗೆ ಕ್ಷಮಾದಾನ ಸಾರುತ್ತಾಳೆ. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರ ಪಾಲ್ಗೊಂಡವರನ್ನು ಹೊರಗಿಡುತ್ತಾಳೆ.

ಇದರಲ್ಲಿ ಒಳ್ಳೆಯದು ಇರಲಿಲ್ಲ ಅಂತಲ್ಲ. ಸೇಡು ಸೇಡು ಅಂತ ಕೂಗುತ್ತಿದ್ದ ಕಾಲ ಅದು. ಶಿಕ್ಷೆಗೆ ಮಿತಿ ಇರಲಿ ಅಂದ ಗವರ್ನರ್ ಜನರಲ್ ಕ್ಯಾನಿಂಗ್‌ನನ್ನು ಅವನ ದೇಶದವರೇ ‘ದಯಾಳು ಕ್ಯಾನಿಂಗ್’ ಅಂತ ಲೇವಡಿ ಮಾಡಿದ್ದರು. ಕ್ಷಮಾದಾನದಿಂದ ಎಷ್ಟೋ ಜೀವ ಉಳಿದವು.

ಆದರೆ ಘೋಷಣೆ ಬಂಡಾಯಗಾರರನ್ನು ಕ್ಷಮೆ ಪಡೆಯಬೇಕಾದವರನ್ನಾಗಿ ಮಾಡಿತು, ಸಾಮ್ರಾಜ್ಯವನ್ನು ಕ್ಷಮಿಸುವ ಜಾಗದಲ್ಲಿ ಕೂರಿಸಿತು. ಹಲಗಲಿಯ ಮನೆಗಳ ಲೆಕ್ಕ, ಸುರಪುರದ ಬಾಕಿಯ ಲೆಕ್ಕ ಅದರಲ್ಲಿ ಬರಲಿಲ್ಲ. ಸಾಮ್ರಾಜ್ಯಕ್ಕೂ ಯಾರ ಬಳಿಯಾದರೂ ಕ್ಷಮೆ ಕೇಳುವುದಿದೆಯೇ ಅನ್ನೋ ಪ್ರಶ್ನೆ ಏಳಲೇ ಇಲ್ಲ. ಕೆಲವರಿಗೆ ಅದು ತಡವಾಗಿಯೂ ಬಂತು. ನರಗುಂದದ ಬಾಬಾಸಾಹೇಬ ಭಾವೆಯನ್ನು ಜೂನ್ 12ರಂದೇ ಬೆಳಗಾವಿಯಲ್ಲಿ ಗಲ್ಲಿಗೇರಿಸಿಯಾಗಿತ್ತು. ರಾಜಕೀಯ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಗಿದ್ದರಿಂದ ಘೋಷಣೆ ಮೊದಲೇ ಬಂದಿದ್ದರೂ ಅದರ ಪ್ರಯೋಜನ ಆತನಿಗೆ ಸಿಗುತ್ತಿರಲಿಲ್ಲ.

ಅಪ್ಪ, ಮಗ ಮತ್ತು ಒಂದು ನಿರಾಕರಣೆ

ಈಗ ಸೆರೆಮನೆಗೆ ವಾಪಸ್ ಹೋಗೋಣ. ಟೇಲರ್ ಪಾದ್ರಿಯಲ್ಲ. ಆದರೆ ತನ್ನ ಬದುಕಿನ ಏರಿಳಿತದಲ್ಲೆಲ್ಲ ದೇವರ ಕೈ ಕಾಣುತ್ತಿದ್ದ ಭಕ್ತ. ರಾಜನ ಮೇಲೆ ಅವನಿಗಿದ್ದ ಪ್ರೀತಿ ನಾಟಕವಲ್ಲ ಅನ್ನೋದು ಆತ್ಮಕತೆ ಓದಿದರೆ ತಿಳಿಯುತ್ತದೆ. ಅವನ ಕಣ್ಣಲ್ಲಿ ಇದು ದಾರಿ ತಪ್ಪಿದ ಮಗನ ಕತೆ. ಕೆಟ್ಟವರ ಸಹವಾಸ, ಹಣ ಹಾಳುಮಾಡಿದ್ದು, ಕೊನೆಗೆ ದುಡುಕಿ ದಂಗೆ. ಮಗ ತಪ್ಪೊಪ್ಪಿಕೊಂಡರೆ ಅಪ್ಪ ಬಿಡಿಸಿಕೊಂಡು ಬರಬೇಕು.

ಕತೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಲೂಕನ ಕತೆಯಲ್ಲಿ ಮನೆ ಅಪ್ಪನದು, ಮಗ ಬಿಟ್ಟು ಹೋದವನು. ಸುರಪುರದಲ್ಲಿ ಮನೆ ಮಗನದೇ ಆಗಿತ್ತು. ‘ಅಪ್ಪ’ ಬಂದದ್ದು ಸಾಲದ ಕಾಗದ ಹಿಡಿದು, ಹೊರಗಿನಿಂದ.

ಇನ್ನೊಂದು, ರಾಜನಿಂದ ಕೇಳಿದ್ದು ಪಶ್ಚಾತ್ತಾಪವಲ್ಲ, ಮಾಹಿತಿ. ಜೊತೆಗಿದ್ದವರ ಹೆಸರು ಕೊಡು ಅನ್ನುವುದು ಪೊಲೀಸ್ ಠಾಣೆಯ ಭಾಷೆ. ಪಾಪನಿವೇದನೆಯಲ್ಲಿ ಕ್ರೈಸ್ತ ತನ್ನ ಪಾಪವನ್ನು ಹೇಳುತ್ತಾನೆ, ಬೇರೆಯವರದ್ದನ್ನಲ್ಲ. ರಾಜ ನಿರಾಕರಿಸಿದ್ದು ಇದನ್ನೇ. ನನ್ನ ಜನರನ್ನು ಹಿಡಿದುಕೊಡಲ್ಲ, ಹೇಡಿಯಾಗಿ ಬದುಕಲ್ಲ ಅನ್ನೋದು ಆತನ ಉತ್ತರದ ಸಾರ. ಕಳ್ಳನ ಹಾಗೆ ನೇಣು ಹಾಕಬೇಡಿ, ಬೇಕಿದ್ದರೆ ತೋಪಿನ ಬಾಯಿಗೆ ಕಟ್ಟಿ ಅಂತಲೂ ಕೇಳಿಕೊಂಡ. ಜೀವ ಬೇಡಲಿಲ್ಲ, ಸಾಯುವ ರೀತಿಯನ್ನು ಬೇಡಿದ.

ಟೇಲರ್‌ನ ಬರಹದ ಪ್ರಕಾರ ಗಲ್ಲು ಶಿಕ್ಷೆಯನ್ನು ರೆಸಿಡೆಂಟ್ ಜೀವಾವಧಿ ಗಡಿಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನು ಮದ್ರಾಸ್ ಬಳಿಯ ಚೆಂಗಲ್‌ಪಟ್ಟುವಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ನಡತೆ ಸುಧಾರಿಸಿದರೆ ಸಂಸ್ಥಾನ ವಾಪಸ್ ಸಿಗುವ ಮಾತೂ ಇತ್ತು. ಚೆಂಗಲ್‌ಪಟ್ಟು ಬರಲೇ ಇಲ್ಲ. ಹೈದರಾಬಾದ್ ಬಿಟ್ಟು ಹೊರಟ ದಾರಿಯಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಅನ್ನುತ್ತದೆ ಬ್ರಿಟಿಷ್ ದಾಖಲೆ. ಆ ದಾಖಲೆ ಪಿಸ್ತೂಲು ಯಾರದ್ದೋ ಅವರ ಕಡೆಯದು ಅನ್ನೋದನ್ನು ಮರೆಯದೆ ಓದಬೇಕು.

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ದಂಗೆಯಲ್ಲಿ ತಮ್ಮ ಪಕ್ಕ ನಿಂತದ್ದಕ್ಕೆ ಇನಾಮು. ‘ಕ್ಷಮೆ’ ಸಿಕ್ಕವನು ಮಣ್ಣಾದ, ಮನೆ ಬೇರೆಯವರ ಪಾಲಾಯಿತು.

ಇವತ್ತಿಗೆ ಇದರಿಂದ ಏನು?

ಕಾಲ ತಿರುಗಿದೆ. 1858ರಲ್ಲಿ ಕ್ರೈಸ್ತ ಭಾಷೆ ಆಳುವವರದ್ದಾಗಿತ್ತು. ಇವತ್ತು ಬೀದರ್-ಕಲಬುರಗಿ-ಯಾದಗಿರಿ ಸೀಮೆಯ ಮೆಥೋಡಿಸ್ಟ್ ಸಭೆಗಳಲ್ಲಿ ಕೂರುವವರಲ್ಲಿ ದಲಿತ ಕುಟುಂಬಗಳವರೇ ಬಹಳ. ಕ್ಷಮೆಯ ಮಾತು ಈಗ ಅವರ ಬಳಿಗೆ ಬೇರೆಯದೇ ದಿಕ್ಕಿನಿಂದ ಬರುತ್ತದೆ: ‘ನಿಮ್ಮ ಧರ್ಮದಲ್ಲೇ ಕ್ಷಮಿಸಿ ಅಂತ ಇದೆಯಲ್ಲ, ಕೇಸು ಯಾಕೆ?’

ಇದಕ್ಕೆ ಉತ್ತರ 1999ರ ಒಡಿಶಾದಲ್ಲಿದೆ. ಜನವರಿಯ ಒಂದು ರಾತ್ರಿ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಭಾರತದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅವರ ಕ್ಷಮೆಯಿಂದ ಕೇಸು ನಿಲ್ಲಲಿಲ್ಲ. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ಗಲ್ಲು, 2005ರಲ್ಲಿ ಹೈಕೋರ್ಟಿನಲ್ಲಿ ಅದು ಜೀವಾವಧಿಗೆ ಇಳಿಕೆ, 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ ಖಾಯಂ. ಆ ತೀರ್ಪಿನಲ್ಲಿ ಮತಾಂತರಕ್ಕೆ ಪಾಠ ಕಲಿಸುವ ಉದ್ದೇಶವಿತ್ತು ಅನ್ನೋ ಅರ್ಥದ ಮಾತೊಂದು ಸೇರಿಕೊಂಡಿತ್ತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಕೋರ್ಟೇ ಅದನ್ನು ತೆಗೆಯಿತು.

ಕ್ಷಮಿಸಿದ್ದು ಗ್ಲಾಡಿಸ್, ಅದು ಅವರ ಹಕ್ಕು. ಶಿಕ್ಷೆ ಕೊಟ್ಟದ್ದು ಕಾನೂನು, ಅದು ಕಾನೂನಿನ ಕೆಲಸ. ಒಂದು ಇನ್ನೊಂದರ ಜಾಗ ತುಂಬಲಿಲ್ಲ. ಸಂವಿಧಾನ ರಾಷ್ಟ್ರಪತಿಗೆ 72ನೇ ವಿಧಿಯಲ್ಲಿ, ರಾಜ್ಯಪಾಲರಿಗೆ 161ನೇ ವಿಧಿಯಲ್ಲಿ ಕೊಟ್ಟಿರುವ ಅಧಿಕಾರವೂ ಕ್ಷಮಾದಾನದ್ದೇ. ಅದು ಶಿಕ್ಷೆಯನ್ನು ತೆಗೆಯಬಹುದು, ನೋವುಂಡವರ ಪರವಾಗಿ ಕ್ಷಮಿಸಲಾರದು.

ಇನ್ನು ನಮ್ಮ ರಾಜ್ಯದ್ದೇ ಉದಾಹರಣೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳಾದವು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರಲ್ಲಿ ಕೊಟ್ಟ ಅಂತಿಮ ವರದಿ ಸಂಘ ಪರಿವಾರದ ಮುಖ್ಯ ಸಂಘಟನೆಗಳನ್ನೂ ಸರ್ಕಾರವನ್ನೂ ಹೊಣೆಯಿಂದ ಬಿಟ್ಟಿತು. ಕ್ರೈಸ್ತ ಮುಖಂಡರು ಅದನ್ನು ಒಪ್ಪಲಿಲ್ಲ. ಹಾಗೆ ಒಪ್ಪದಿರುವುದು ಕ್ಷಮೆಯ ಕೊರತೆ ಅಲ್ಲ. ತಪ್ಪನ್ನು ತಪ್ಪು ಅಂತ ಹೇಳುವುದು ಮತ್ತಾಯನ 18ರ ಮೊದಲ ಮೆಟ್ಟಿಲು. ಆ ಮೆಟ್ಟಿಲೇ ಇಲ್ಲದೆ ಮೇಲಿನ ಮೆಟ್ಟಿಲು ಹತ್ತಿ ಅಂದರೆ ಹತ್ತುವುದು ಹೇಗೆ?

ದಕ್ಷಿಣ ಆಫ್ರಿಕಾದ ಕ್ರೈಸ್ತ ಚಿಂತಕರು 1985ರಲ್ಲಿ ಹೊರಡಿಸಿದ ‘ಕೈರೋಸ್’ ದಾಖಲೆಯ ತಕರಾರೂ ಇದೇ ಆಗಿತ್ತು. ಅನ್ಯಾಯ ನಡೆಯುತ್ತಿರುವಾಗಲೇ ಎರಡೂ ಕಡೆಯವರು ರಾಜಿಯಾಗಿ ಅನ್ನುವುದು ಕ್ರೈಸ್ತ ಧರ್ಮವಲ್ಲ, ಮೊದಲು ಅನ್ಯಾಯ ನಿಲ್ಲಲಿ ಅಂತ ಅವರು ವಾದಿಸಿದರು. ಹತ್ತು ವರ್ಷದ ನಂತರ ಡೆಸ್ಮಂಡ್ ಟುಟು ಮುಖ್ಯಸ್ಥರಾದ ಸತ್ಯ ಮತ್ತು ಸಂಧಾನ ಆಯೋಗವು ಕ್ಷಮಾದಾನ ಬೇಕಾದವರು ತಾವು ಮಾಡಿದ್ದನ್ನು ಪೂರ್ತಿ ಹೇಳಲೇಬೇಕು ಅಂತ ಷರತ್ತು ಹಾಕಿತು. ಅಲ್ಲೂ ಅನೇಕ ಕುಟುಂಬಗಳು ನಮಗೆ ಇದು ಸಾಲದು ಅಂದವು. ಹಾಗನ್ನುವ ಹಕ್ಕು ಅವರಿಗಿತ್ತು.

ಕೊನೆಗೆ

ವೆಂಕಟಪ್ಪ ನಾಯಕನನ್ನು ಸಂತ ಮಾಡುವ ಅಗತ್ಯ ಇಲ್ಲ. ಟೇಲರ್‌ನನ್ನು ಖಳನಾಯಕ ಮಾಡಬೇಕಾಗಿಯೂ ಇಲ್ಲ. ಪ್ರೀತಿ ಇದ್ದ ಒಬ್ಬ ಅಧಿಕಾರಿ, ಆ ಪ್ರೀತಿಯನ್ನು ಒಪ್ಪಿಕೊಂಡೂ ಅವನ ಷರತ್ತನ್ನು ಒಪ್ಪದ ಒಬ್ಬ ಕೈದಿ. ಈ ಕತೆ ನಮ್ಮ ಕೈಗೆ ಕೊಡುವುದು ಒಂದು ಅಳತೆಗೋಲು.

ಇನ್ನು ಮುಂದೆ ಯಾರಾದರೂ ಕ್ಷಮೆಯ ಮಾತೆತ್ತಿದರೆ ಮೂರು ಪ್ರಶ್ನೆ ಕೇಳಿ. ಮಾತಾಡುತ್ತಿರುವವರು ಪೆಟ್ಟು ಕೊಟ್ಟವರೋ, ತಿಂದವರೋ? ಏನು ನಡೆಯಿತು ಅನ್ನೋದನ್ನು ಪೂರ್ತಿ ಹೇಳಿಯಾಗಿದೆಯೋ? ಕಿತ್ತುಕೊಂಡದ್ದು ವಾಪಸ್ ಬಂದಿದೆಯೋ? ಸುರಪುರದಲ್ಲಿ ಈ ಮೂರಕ್ಕೂ ಸರಿಯಾದ ಉತ್ತರ ಸಿಗಲಿಲ್ಲ. ಅದಕ್ಕೇ ಅಲ್ಲಿ ನಡೆದದ್ದು ಶಿಕ್ಷೆಯ ಕಡಿತವಾಯಿತು, ಕ್ಷಮೆಯಾಗಲಿಲ್ಲ. ಆ ರಾಜನನ್ನು ಕ್ಷಮಿಸಬೇಕಿತ್ತೇ ಅಂತ ಇಂಗ್ಲೆಂಡಿನಲ್ಲಿ ಎಷ್ಟೋ ಚರ್ಚೆ ಆಗಿರಬಹುದು. ನಮ್ಮನ್ನು ಕ್ಷಮಿಸ್ತೀರಾ ಅಂತ ಸುರಪುರದ ಜನರನ್ನು ಮಾತ್ರ ಯಾರೂ ಕೇಳಲಿಲ್ಲ.